ಮರುಳಸಿದ್ದಪ್ಪನೂ ಆರು ಸಿಲಿಂಡರುಗಳೂ

ಐವತ್ತು ತುಂಬಿದ ಖುಷಿಗೆ ಕೆರಿಬಿಯನ್ ಸಮುದ್ರಕ್ಕೆ ಹೋಗಿ ಸ್ಕೂಬಾ ಡೈವಿಂಗ್ ಮಾಡುವುದೆಂದು ಆರು ಜನ ಹಳೇ ಸಹಪಾಠಿಗಳು ಗೊತ್ತುಮಾಡಿಕೊಂಡು, ಕಡೂರು ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಭಾನುವಾರಕ್ಕೊಮ್ಮೆ ಸೇರುತ್ತಿದ್ದರು. ಅವರಲ್ಲೊಬ್ಬನಾದ ಪಂಚನಹಳ್ಳಿಯ ಮರುಳಸಿದ್ದಪ್ಪ ಮಾತ್ರ ಅಲ್ಲಿಗೆ ಬರುತ್ತಿದ್ದುದು ಅನುಮಾನಪಡಲಿಕ್ಕೆಂದೇ. ಮಠದಲ್ಲಿ ಪ್ರಸಾದವೆಂದು ಕೊಟ್ಟ ತೆಂಗಿನಕಾಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿಯೇ ಚೀಲಕ್ಕೆ ಹಾಕುವ ಆಸಾಮಿ ಅವನು. ಫೋಟೋದ ನೀಲಿ ನೀರು ಕಂಡು “ಬಣ್ಣ ಕಲ್ಸಿದಾರೆ ಕಣ್ರೋ” ಎಂದ. ವಿಮೆಯ ಕಾಗದವನ್ನು ಬೆಳಕಿಗೆ ಹಿಡಿದು ಹಿಂದೆಮುಂದೆ ತಿರುಗಿಸಿದ. ಏನೇ ತೋರಿಸಿದರೂ ಅವನ ಅನುಮಾನ ಕೊನೆಗೆ ಬಂದು ನಿಲ್ಲುತ್ತಿದ್ದುದು ನೀರಿನಡಿ ಉಸಿರಾಡಲು ಬೆನ್ನಿಗೆ ಕಟ್ಟುವ ಸಿಲಿಂಡರಿನ ಮೇಲೆ. “ಅದ್ರೊಳಗಿನ ಗಾಳಿ ಒಳ್ಳೇದು ಅಂತ ಯಾರು ನೋಡಿದಾರೆ? ದೀಪ ಇಳಿಸಿ ನೋಡಿದಾರಾ?” ಎಂದು ಪ್ರತಿವಾರ ಕೇಳುವನು. “ಲೇ ಸಿದ್ದ, ಸಿಲಿಂಡರಿಗೆ ಯಾವನಾದ್ರೂ ದೀಪ ಇಳಿಸ್ತಾನೇನೋ?” ಎಂದು ತರೀಕೆರೆಯ ಓಂಕಾರಮೂರ್ತಿ ಛೇಡಿಸಿದರೆ ಎಲ್ಲರೂ ನಗುವರು, ಅವನೊಬ್ಬ ನಗುತ್ತಿರಲಿಲ್ಲ. ಬಾವಿಗೆ ಇಳಿಯುವ ಮುಂಚೆ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡುವುದು, ಅದು ಆರಿದರೆ ಒಳಗೆ ಕೆಟ್ಟ ಗಾಳಿಯಿದೆಯೆಂದು ತಿಳಿಯುವುದು ಅವನೂರಿನ ರೂಢಿ. ಹಿಂದೊಮ್ಮೆ ಪಂಪು ರಿಪೇರಿಗೆಂದು ಅವನ ಒಡಹುಟ್ಟಿದ ತಮ್ಮ ಬಾವಿಗೆ ಇಳಿಯುವಾಗ, “ಮೊನ್ನೆ ತಾನೇ ನಾನು ಇಳ್ದಿದ್ದೆ, ಏನೂ ಆಗಲ್ಲ ಇಳಿಯೋ” ಎಂದವನು ಈ ಸಿದ್ದಪ್ಪನೇ. ಅವತ್ತು ಲಾಟೀನು ಇಳಿಸಿದ್ದು, ಎಷ್ಟು ಕೂಗಿದರೂ ಒಳಗಿನಿಂದ ತಮ್ಮ ಓಗೊಡದೇ ಹೋದಮೇಲೆ. ಕಳೆದ ಭಾನುವಾರ ಅವನು ಕಡೆಗೂ ಡೈವಿಂಗಿನ ಫಾರಂಗೆ ರುಜು ಹಾಕಿ, ಪೆನ್ನಿನ ಮುಚ್ಚಳ ಹಾಕುತ್ತಾ ಹೇಳಿದ: “ಆರು ಸಿಲಿಂಡರಿಂದ್ಲೂ ಮೊದ್ಲು ನಾನು ಉಸಿರೆಳ್ದು ನೋಡ್ತೀನಿ. ಅರ್ಧ ಗಂಟೆ ಆದ್ಮೇಲೂ ನಾನು ನೆಟ್ಟಗಿದ್ರೆ, ನೀವು ಇಳೀರಿ.”