ಮಂಡಿ ಮೇಡಂ

ನನ್ನ ಹೆಂಡತಿಯನ್ನು ವಿಶ್ವವಿದ್ಯಾಲಯದಲ್ಲಿ ಮಂಡಿ ಮೇಡಂ ಎಂದೇ ಕರೆಯುತ್ತಾರೆ. ಮೆಕ್ಯಾನಿಕಲ್ ವಿಭಾಗದ ಉಳಿದವರು ಎಂಜಿನ್ನು, ಪಂಪು ಎಂದು ತಲೆ ಕೆಡಿಸಿಕೊಂಡರೆ ಇವಳು ಮದುವೆಗೆ ಮೊದಲಿನಿಂದಲೂ ಒಂದು ಕೃತಕ ಮಂಡಿಯ ಬೆನ್ನು ಹತ್ತಿದ್ದಾಳೆ. ಯಾರ ಮನೆಗೆ ಹೋದರೂ ಮುಖ ನೋಡುವ ಮೊದಲು ಮಂಡಿ ನೋಡುತ್ತಾಳೆ. ಅವಳ ಪ್ರಶ್ನೆಗಳಿಗೆ ಹೆದರಿ ನಮ್ಮಮ್ಮ ತಮ್ಮ ಮಂಡಿನೋವನ್ನೇ ಮುಚ್ಚಿಡುತ್ತಾರೆ.

ಸ್ವಭಾವತಃ ಪುಕ್ಕಲಿ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬೀದಿ ತಿರುವಿನಿಂದ ವಾಪಸು ಬರುವವಳು. ಅಂಥವಳು ತನ್ನ ಮಂಡಿಯನ್ನು ಮೊದಲು ಹಾಕಿಸಿದ್ದು ಸ್ವಂತ ಅಣ್ಣನಿಗೆ.

ಭಾವ ದರ್ಜಿ. ಅಪಘಾತದಲ್ಲಿ ತೊಡೆಯಿಂದ ಕೆಳಗೆ ಒಂದು ಕಾಲು ಹೋಯಿತು, ಸೊಂಟಕ್ಕೂ ಸ್ಕ್ರೂ ಬಿತ್ತು. ಕತ್ತರಿಸುವ ಮೇಜಿನ ಮುಂದೆ ನಿಲ್ಲಲಾಗದೆ ಈಗ ಕೂತು ಗುಂಡಿ ಹೊಲಿಯುತ್ತಾರೆ. ಮಂಡಿ ಹಾಕು ಎಂದು ಹಟ ಹಿಡಿದವರು ಅವರೇ. ಆದರೆ ಇನ್ನೊಮ್ಮೆ ಬಿದ್ದರೆ ಹಾಸಿಗೆಯಿಂದ ಏಳುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಅಂದಿನಿಂದ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ಊಟ ಸೇರಲಿಲ್ಲ.

ಅವಳ ಪ್ರಯೋಗಾಲಯದ ನೆಲದಲ್ಲಿ, ನಡೆಯುವವರ ಭಾರ ಎಲ್ಲಿ ಬೀಳುತ್ತದೆಂದು ತೋರಿಸುವ ಒಂದು ಹಲಗೆ ಕೂರಿಸಿದ್ದಾರೆ. ಒಂದು ಕಾಳು ಮರಳು ಸಿಕ್ಕಿದರೂ ಅದು ಕೆಡುತ್ತದಂತೆ. ಹಾಗಾಗಿ ಚಪ್ಪಲಿ ಬಾಗಿಲ ಹೊರಗೆ. ಕುಲಪತಿಗಳೂ ಬೂಟು ಬಿಚ್ಚಿಯೇ ಒಳಗೆ ಬಂದದ್ದು. ಭಾವ ಆ ಹಲಗೆಯ ಮೇಲೆ ಬರಿಗಾಲಲ್ಲಿ ನಡೆದರು. ಅವಳು ಕೃತಕ ಕಾಲಿನ ಪಾದದ ತಿರುಪುಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಮತ್ತೆ ನಡೆಸುತ್ತ, ಕೊನೆಗೂ ಒಂದು ದಿನ "ಹೊರಗೆ ಹೋಗೋಣ" ಎಂದಳು.

ಬಾಗಿಲಲ್ಲಿ ಭಾವ ಬೆಂಚಿನ ಮೇಲೆ ಕೂತು ಬೂಟು ಹಾಕಿಕೊಂಡರು. ದರ್ಜಿಗೆ ಶೋಕಿ ಜಾಸ್ತಿ. ಹೊಸದು, ಹಿಮ್ಮಡಿ ಎತ್ತರದ್ದು. ಅವಳು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಮಂಡಿಯ ಒಂದೊಂದು ಬೋಲ್ಟನ್ನೂ ಮುಟ್ಟಿ ನೋಡುತ್ತಿದ್ದಳು. ನಾನೂ ಮಂಡಿಯನ್ನೇ ನೋಡುತ್ತಿದ್ದೆ.

ಗೋಡೆಗೆ ಕೈಯಾನಿಸಿಕೊಂಡು ಪಡಸಾಲೆ ದಾಟಿದರು. ಅಲ್ಲಿಂದ ಮುಂದೆ ಮೆಟ್ಟಿಲು, ಹಿಡಿಯಲು ಏನೂ ಇಲ್ಲ. ಭಾವ ಗೋಡೆ ಬಿಟ್ಟು ಹೊಸ ಕಾಲನ್ನು ಕೆಳಗಿಟ್ಟರು.

"ಅಣ್ಣಾ, ನಿಲ್ಲು, ಬೂಟು!" ಎಂದಳು.

ಅಷ್ಟರಲ್ಲಿ ಮಂಡಿ ಮಡಚಿಕೊಂಡಿತು. ನಾನು ಕಂಕುಳಿಗೆ ಕೈ ಹಾಕಿದೆ, ಅವಳು ಸೊಂಟ ತಬ್ಬಿದಳು, ಮೂವರೂ ಮೆಟ್ಟಿಲ ಮೇಲೆ ಕುಸಿದೆವು. ನನ್ನ ಮೊಣಕೈ ತರಚಿತು. ಭಾವನ ಸೊಂಟಕ್ಕೆ ಏನೂ ಆಗಿರಲಿಲ್ಲ, ಅವಳ ಮೇಲೆ ಬಿದ್ದಿದ್ದರು.

ವಿಷಯ ಇಷ್ಟೇ. ಹಿಮ್ಮಡಿ ಎತ್ತರವಾದರೆ ಕಾಲು ಮುಂದಕ್ಕೆ ವಾಲುತ್ತದೆ, ಬರಿಗಾಲಿಗೆ ಹೊಂದಿಸಿದ ಮಂಡಿ ನಿಲ್ಲುವುದಿಲ್ಲ. ಪುಸ್ತಕದಲ್ಲಿ ಓದಿದ್ದಳು, ಪಾಠವನ್ನೂ ಮಾಡಿದ್ದಳು. ಊರೆಲ್ಲ ಚಪ್ಪಲಿ ಹಾಕಿಕೊಂಡು ಓಡಾಡುತ್ತದೆ. ಈ ಪ್ರಯೋಗಾಲಯದವರು ಹಲಗೆ ಕೆಡದಿರಲೆಂದು ವರ್ಷಗಟ್ಟಲೆ ಬರಿಗಾಲನ್ನೇ ಅಳೆದಿದ್ದರು. ನನಗೆ ಅವಳ ಮೇಲೆ ಸಿಟ್ಟು ಬಂತು, ಮುಖ ನೋಡಿ ಇಳಿದೂ ಹೋಯಿತು.

ಅವಳು ಅಳುತ್ತಿದ್ದಳು. "ಸಾಕಣ್ಣ, ನೀನು ಬೇಡ. ಮಂಡಿ ಹಾಕಿ ನಡೆಸಿ ನೋಡೋಕೆ ಬೇರೆ ಯಾರನ್ನಾದ್ರೂ ಕರೀತೀನಿ."

ಭಾವ ಉಸಿರು ಸುಧಾರಿಸಿಕೊಳ್ಳುತ್ತ ಅವಳ ಬೆನ್ನ ಧೂಳು ಕೊಡವಿದರು.

"ಕರಿ. ಅವನು ಬಿದ್ರೆ ಪರವಾಗಿಲ್ವಾ? ಅವನಿಗೂ ಒಬ್ಳು ತಂಗಿ ಇರ್ತಾಳಲ್ಲಮ್ಮ."

ಅವಳ ಅಳು ನಿಂತಿತು. ಆಮೇಲೆ ಅಣ್ಣನ ಬೂಟುಗಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡು, ಪಾದದ ತಿರುಪು ಸಡಿಲಿಸತೊಡಗಿದಳು.