ಕೊಯ್ತಾದ ಹಿಡಿಕೆ

ಅಕ್ಕನ ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಯಾವಾಗಲೂ ಸಣ್ಣ ಬಿಳಿ ಗೀರುಗಳಿರುತ್ತಿದ್ದವು. ಜಾಲಿ ಕಡಿಯುವ ಮಚ್ಚು, ನಮ್ಮ ಕಡೆಯ ಕೊಯ್ತಾ, ಮಸೆದಾದ ಮೇಲೆ ಅದರ ಬಾಯನ್ನು ಆ ಉಗುರಿನ ಮೇಲೆ ಮೆಲ್ಲಗೆ ಇಟ್ಟು ನೋಡುತ್ತಿದ್ದಳು. ಜಾರಿದರೆ ಮತ್ತೆ ಕಲ್ಲಿಗೆ, ಕಚ್ಚಿ ನಿಂತರೆ ಕೆಲಸಕ್ಕೆ. ಅಷ್ಟು ಹೊತ್ತೂ ನಾನು ಕಣ್ಣು ಮುಚ್ಚಿಕೊಂಡಿರುತ್ತಿದ್ದೆ. ತುದಿ ಬಾಗಿದ ಆ ಅಗಲ ಅಲಗು ಕಂಡರೆ ನನಗೆ ಚಿಕ್ಕಂದಿನಿಂದಲೂ ಹೆದರಿಕೆ.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಗಂಡ ಸತ್ತ ಮೇಲೆ ಮಹಾಗಾಂವದ ತವರಿಗೆ ಬಂದು, ಹೊಲದ ಬದುವಿನ ಜಾಲಿ ಕಡಿದು ಸೌದೆ ಮಾರುತ್ತಿದ್ದಳು. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಮದುವೆಯಾಗಿ ಇಚಲಕರಂಜಿಗೆ ಹೋಗಿ, ಮಗ್ಗದ ಕಾಂಡಿಗಳಿಗೆ ನೂಲು ಸುತ್ತುವ ಕೆಲಸಕ್ಕೆ ಸೇರಿದ್ದೆ. ತವರಿಗೆ ಬಂದಾಗಲೆಲ್ಲ ಅಕ್ಕ ನನ್ನ ಅಂಗೈ ಹಿಡಿದು ನಗುತ್ತಿದ್ದಳು.

"ನೋಡ ಯವ್ವಾ, ಇಚಲಕರಂಜಿ ಬಾಯಾರ ಕೈ! ಬೆಣ್ಣಿ ಮುಟ್ಟಿದ್ರೂ ಗುಳ್ಳಿ ಏಳ್ತಾವ."

ಅರವತ್ತರ ದಶಕದ ಮೊದಲ ವರ್ಷಗಳ ಒಂದು ಬೇಸಿಗೆ ತವರಿಗೆ ಬಂದಿದ್ದೆ. ಅವಳ ಹಳೆಯ ಕೊಯ್ತಾ ಸವೆದು ಎರಡು ಬೆರಳಗಲ ಉಳಿದಿತ್ತು. ಗಡಹಿಂಗ್ಲಜದ ಸಂತೆಯಿಂದ ಹೊಸದು ತರಲು ನನ್ನನ್ನು ಕಳಿಸಿದಳು. "ಎರಡ ಬೆರಳಾಗ ತೂಗಬಿಟ್ಟು ಉಗರಲೆ ಹೊಡಿ. ಗಂಟಿ ಹಂಗ ನಾದ ಬರಬೇಕ. ಹಿಡಿಕಿ ಅಳ್ಳಾಡಿಸಿ ನೋಡು" ಎಂದಳು. ಸಂತೆಯಲ್ಲಿ ಅಷ್ಟು ಗಂಡಸರ ನಡುವೆ ಹಾಗೆಲ್ಲ ಮಾಡಲು ನಾಚಿಕೆಯಾಯಿತು. ರಾಶಿಯಲ್ಲಿ ಕೈಗೆ ಸಿಕ್ಕ ಅಗ್ಗದ್ದೊಂದನ್ನು ಎತ್ತಿಕೊಂಡು ಬಂದೆ.

ಅಕ್ಕ ಅದನ್ನು ತಿರುಗಿಸಿ ನೋಡಿದಳು. ಹಿಡಿಕೆಗೆ ಮೊಳೆ ಇರಲಿಲ್ಲ, ಸುತ್ತ ಒಂದು ಕಬ್ಬಿಣದ ಬಳೆ ಅಷ್ಟೇ.

"ಸೋವಿ ಮಾಲು. ಇರ್ಲಿ, ಬಾಯಿ ನಾ ಮಾಡ್ತೇನಿ. ಹಿಡಿಕಿದ ನಂಬಿಗಿ ಇಲ್ಲ. ಇವತ್ತ ದಿನಾಪೂರಾ ಬಿಸಲಾಗ ಇಡು, ಸಂಜಿಕ ಆ ಒಣ ಬೊಡ್ಡಿಗೆ ಇಪ್ಪತ್ತ ಏಟ ಹಾಕು. ಮುಂಜಾನಿ ಗಟ್ಟಿ ಇದ್ದದ್ದು ಮಧ್ಯಾನಕ್ಕೂ ಗಟ್ಟಿ ಇರ್ತೈತಿ ಅಂತ ಹೆಂಗ ತಿಳಿಬೇಕ? ನೀ ಗಟ್ಟಿ ಐತಿ ಅಂದಮ್ಯಾಲ ಮಸೀತೇನಿ. ಅಲ್ಲೀಮಟ ಮೊಂಡ ಇರ್ಲಿ."

ಇಷ್ಟು ಹೇಳಿ ಕೆಲಸಕ್ಕೆ ಹೋದಳು. ಸಂಜೆ ಮೂರನೇ ಏಟಿಗೇ ಹಿಡಿಕೆಯೊಳಗೆ ಅಲಗು ಕದಲಿದ್ದು ನನ್ನ ಅಂಗೈಗೆ ಗೊತ್ತಾಯಿತು. ನಾಲ್ಕನೇ ಏಟು ಹಾಕಲಿಲ್ಲ. ಆರಿಸಿ ತಂದವಳು ನಾನೇ. ಹೇಳಿದರೆ ಮತ್ತೆ ಆ ನಗು. ಹಿಡಿಕೆ ಮುಳುಗುವಂತೆ ಕೊಯ್ತಾವನ್ನು ನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿಟ್ಟೆ. ಬೆಳಗಾಗುವಷ್ಟರಲ್ಲಿ ಕಟ್ಟಿಗೆ ಉಬ್ಬಿ ಕಬ್ಬಿಣವನ್ನು ಬಿಗಿದು ಹಿಡಿದಿತ್ತು. ಒರೆಸಿ, ತೇವ ತಿಳಿಯದಂತೆ ಶೇಂಗಾ ಎಣ್ಣೆ ಸವರಿದೆ.

"ಬಡದು ನೋಡಿದೇನ?"

"ಇಪ್ಪತ್ತ ಏಟ ಹಾಕೇನಿ, ಅಕ್ಕಾ."

"ಭಲೆ! ಬಾಯಾರ ಕೈ ಸುಧಾರಿಸ್ಯಾವ."

ಅವಳು ಕಲ್ಲಿನ ಮುಂದೆ ಕೂತಳು. ನೀರು ಚಿಮುಕಿಸಿ, ಒಂದೇ ಓರೆಯಲ್ಲಿ, ಅವಸರವಿಲ್ಲದೆ ಮಸೆದಳು. ಒಂದೊಂದು ಸಲ ಅಲಗು ಎಳೆದಾಗಲೂ ನಾನು ಕಣ್ಣು ಮುಚ್ಚದೆ ಹಿಡಿಕೆಯನ್ನೇ ನೋಡುತ್ತಿದ್ದೆ. ಕೊನೆಗೆ ಉಗುರಿನ ಮೇಲೆ ಇಟ್ಟಳು. ಕಚ್ಚಿ ನಿಂತಿತು.

ಹೊಲದಲ್ಲಿ ಅವಳ ಮೊದಲ ಮಾತು ಎಂದಿನದೇ. "ನನ್ನ ಎದುರಿಗೂ ನಿಂದರಬ್ಯಾಡ, ಹಿಂದೂ ನಿಂದರಬ್ಯಾಡ." ಆದರೂ ಬಿದ್ದ ಟೊಂಗೆಗಳನ್ನು ಎಳೆಯುತ್ತ ನಾನು ಮತ್ತೆ ಮತ್ತೆ ಅವಳ ಬೆನ್ನ ಹಿಂದೆಯೇ ಓಡಾಡುತ್ತಿದ್ದೆ. ಬಿಸಿಲು ಏರಿತು. ನೀರು ಕುಡಿಯಲು ಅವಳು ಕೊಯ್ತಾವನ್ನು ಬದುವಿನ ಮೇಲಿಟ್ಟಳು. ಉಬ್ಬಿದ್ದ ಕಟ್ಟಿಗೆ ಒಣಗಿ, ಬಳೆಯ ಪಕ್ಕದಲ್ಲಿ ಕೂದಲೆಳೆಯಷ್ಟು ಸಂದು ಕಂಡಿತು. ಬೆರಳಿಟ್ಟೆ. ಬಳೆ ತಿರುಗಿತು.

"ಯಾಕ, ಮಾರಿ ಯಾಕ ಬಿಳಿಚೇತಿ?"

"ಏನಿಲ್ಲ. ಬಿಸಲ."

ಹೇಳಲು ಅದೇ ಹೊತ್ತಾಗಿತ್ತು. ಅವಳು ಕೊಯ್ತಾ ಎತ್ತಿಕೊಂಡಳು. ನಾನು ಹತ್ತಿಪ್ಪತ್ತು ಹೆಜ್ಜೆ ದೂರ, ಪಕ್ಕಕ್ಕೆ ಸರಿದು, ಟೊಂಗೆ ಕಟ್ಟುವವಳ ಹಾಗೆ ಕೂತೆ. ಏಟುಗಳನ್ನು ಎಣಿಸುತ್ತಿದ್ದೆ. ಪ್ರತಿ ಏಟಿಗೂ, ಇದೊಂದು ದಾಟಲಿ, ಆಮೇಲೆ ಹೇಳುತ್ತೇನೆ ಅಂದುಕೊಂಡೆ. ಹದಿನೇಳನೆಯದಕ್ಕೆ ಅವಳು ಕೈ ಮೇಲೆತ್ತಿದಾಗ ಅಲಗು ಹಿಡಿಕೆ ಬಿಟ್ಟು ಹಾರಿತು. ಬೆನ್ನ ಹಿಂದೆ ಬಿದ್ದು, ಎಡಗಾಲಿನ ಹಿಮ್ಮಡಿಯ ಮೇಲಿನ ನರವನ್ನು ಕತ್ತರಿಸಿತು. ಮೊಂಡಾಗಿದ್ದರೆ ಬರೀ ಗಾಯವಾಗುತ್ತಿತ್ತೇನೋ.

ಖಾಲಿ ಹಿಡಿಕೆಯನ್ನು ಕೈಯಲ್ಲಿ ಹಿಡಿದೇ ಅವಳು ಕುಸಿದು ಕೂತಳು. ರಕ್ತ ನೋಡಿಕೊಳ್ಳುವ ಮೊದಲು ನನ್ನ ಕಡೆ ತಿರುಗಿದಳು.

"ನಿನಗ ತಾಗಿಲ್ಲಲ್ಲ?"

ಗಾಡಿಯಲ್ಲಿ ಗಡಹಿಂಗ್ಲಜಕ್ಕೆ, ಅಲ್ಲಿಂದ ಕೊಲ್ಹಾಪುರದ ದೊಡ್ಡ ದವಾಖಾನೆಗೆ ಒಯ್ದೆವು. "ಘಾಬರೂ ನಕಾ, ಹೆದರಬ್ಯಾಡ್ರಿ" ಎಂದು ಅಲ್ಲಿನ ನರ್ಸ್ ಹೇಳಿದ್ದು ಅಕ್ಕನಿಗಲ್ಲ, ನನಗೆ. ಅಕ್ಕ ಹೆದರಿರಲಿಲ್ಲ. ಗಾಯ ಮಾಯಿತು, ಹಿಮ್ಮಡಿ ಮಾತ್ರ ಮತ್ತೆ ಏಳಲಿಲ್ಲ. ಕಾಲೆಳೆದುಕೊಂಡು ನಡೆದಳು. ಜಾಲಿ ಕಡಿಯುವುದು ನಿಂತಿತು. ಕೂತಲ್ಲೇ ಊರವರ ಕೊಯ್ತಾ ಮಸೆದುಕೊಡುತ್ತಿದ್ದಳು, ಬಂದವರಿಗೆಲ್ಲ ಅದೇ ಕತೆ ಹೇಳುತ್ತಿದ್ದಳು.

"ತಪ್ಪ ನಂದ ರೀ. ಸೋವಿ ಹಿಡಿಕಿಗೆ ಒಂದ ಮೊಳಿ ಹೊಡಿಬೇಕಿತ್ತ. ನನ್ನ ತಂಗಿ ಭಾಳ ಶಾಣ್ಯಾಕಿ, ನಾ ಹೇಳಿದ್ದ ನೆನಪಿಟ್ಟು ದೂರ ಸರದಿದ್ಲು. ಇಲ್ಲಂದ್ರ ಆಕೀನ ಹೋಗಿಬಿಡ್ತಿದ್ಲು."

ಪಕ್ಕದಲ್ಲಿ ಕೂತು ಕೇಳುತ್ತಿದ್ದೆ. ಮುಂದಿನ ಸಲ ಬಂದಾಗ ಹೇಳಿದರಾಯಿತು ಎಂದುಕೊಂಡು ಇಚಲಕರಂಜಿಗೆ ಮರಳುತ್ತಿದ್ದೆ. ಹೀಗೇ ಆರೇಳು ವರ್ಷ ಕಳೆದವು. ಒಂದು ಮಳೆಗಾಲ ಜ್ವರ ಬಂದು, ನಾನು ಬಸ್ಸಿನಲ್ಲಿ ಇರುವಾಗಲೇ ಅಕ್ಕ ಹೋದಳು.

ಮಣ್ಣು ಕೊಟ್ಟು ಬಂದ ಮೇಲೆ ಓಣಿಯ ಹೆಂಗಸರು ನನ್ನ ಸುತ್ತ ಕೂತರು. ಒಬ್ಬಾಕೆ ನನ್ನ ಬೆನ್ನು ಸವರುತ್ತ, "ನಿನ್ನ ಹೆಸರ ಬಾಯಾಗ ಇರ್ತಿತ್ತವ್ವಾ. ನನ್ನ ತಂಗಿ ನನ್ನ ಮಾತ ಕೇಳಿ ದೂರ ನಿಂತಿದ್ಲು ಅಂತಿದ್ಲು" ಎಂದಳು.

ಹೌದೆಂದು ತಲೆಯಾಡಿಸಿದೆ. ಅಕ್ಕನ ಮಾತು ಕೇಳಿ ನಾನು ಸರಿದಿರಲಿಲ್ಲ. ಆ ಸಂದು ನೋಡಿ ಸರಿದಿದ್ದೆ.