ಕ್ಲಬ್ಬಿನ ಕೆರೆಗೆ ಬರೆದ ಚೀಟಿ

ಆ ಕಾಲದ ಡೈರಿ ಈಗಲೂ ನನ್ನ ಹತ್ತಿರ ಇದೆ. ಆದರೂ ಇಲ್ಲಿ ಬರೆಯುವುದೆಲ್ಲ ಹೀಗೆಯೇ ನಡೆಯಿತು ಎಂದು ಆಣೆ ಹಾಕಿ ಹೇಳಲಾರೆ. ಡೈರಿಯಲ್ಲಿ ಕೆರೆಯ ಉದ್ದಗಲ ಇದೆ, ಪಾಚಿಯ ಶಾಸ್ತ್ರೀಯ ಹೆಸರು ಇದೆ, ಮಧ್ಯಾಹ್ನ ಊಟಕ್ಕೆ ಏನಿತ್ತು ಎಂಬುದೂ ಇದೆ. ನನಗೆ ಬೇಕಾದ ಒಂದು ಸಾಲು ಮಾತ್ರ ಇಲ್ಲ. ಮಾತುಗಳ ಬಗ್ಗೆಯಂತೂ ಇನ್ನೂ ಅನುಮಾನ. ಮನೆಯಲ್ಲಿ ನಾವು ಆಡುತ್ತಿದ್ದದ್ದು ಅರೆಭಾಷೆ. ಮಾವ ಅದರಲ್ಲಿ ಹೇಳಿದ್ದನ್ನು ನಾನು ಆ ದಿನವೇ ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ಬರೆಯುವಾಗ ಎಷ್ಟು ತಿದ್ದಿದೆನೋ ಗೊತ್ತಿಲ್ಲ.

ಮಾವ ಎಂದರೆ ಅಮ್ಮನ ಅಣ್ಣ. ಅವರ ತೋಟ ಕಡಬದಿಂದ ನೆಲ್ಯಾಡಿಗೆ ಹೋಗುವ ದಾರಿಯಲ್ಲಿತ್ತು. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಮೈಸೂರಿನಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕಿ, ಉತ್ತರ ಬರುವ ತನಕ ನಾನು ಅಲ್ಲಿದ್ದೆ. ಆ ಕಡೆಯ ಅಡಿಕೆ ತೋಟದವರು, ರಬ್ಬರಿನವರು ಹತ್ತು ಹನ್ನೆರಡು ಮಂದಿ ಸೇರಿ ಒಂದು ಕ್ಲಬ್ಬು ಕಟ್ಟಿಕೊಂಡಿದ್ದರು. ಕ್ಲಬ್ಬು ಅಂದರೆ ಒಂದು ಹಂಚಿನ ಮಾಡು, ಎರಡು ಬೆಂಚು, ಕೇರಂ ಬೋರ್ಡು ಮತ್ತು ಒಂದು ಕೆರೆ. ಗುಡ್ಡದಿಂದ ಇಳಿಯುವ ನೀರಿಗೆ ಮಣ್ಣಿನ ಏರಿ ಹಾಕಿ ಯಾರೋ ಹಿಂದಿನವರು ಕಟ್ಟಿದ ಮದಕ ಅದು. ಕೆಳಗಿನ ಗದ್ದೆಗಳು ತೋಟವಾದ ಮೇಲೆ ಅದರ ನೀರು ಯಾರಿಗೂ ಬೇಡವಾಗಿತ್ತು. ಕ್ಲಬ್ಬಿನವರು ಅದಕ್ಕೆ ಕಾಟ್ಲಾ, ರೋಹು ಮರಿ ಬಿಟ್ಟು ಭಾನುವಾರ ಗಾಳ ಹಾಕಿ ಕೂರುತ್ತಿದ್ದರು. ಮಾವ ಕಾರ್ಯದರ್ಶಿ.

ಕೆರೆ ನೋಡಿಕೊಳ್ಳಲು ಒಬ್ಬರಿದ್ದರು. ಕೇರಳದಿಂದ ಬಂದ ಕ್ರೈಸ್ತರು, ಆಗಲೇ ಐವತ್ತು ದಾಟಿರಬೇಕು. ಎಲ್ಲರೂ ಅವರನ್ನು ಚೇಟ್ಟ ಎನ್ನುತ್ತಿದ್ದರು, ಮಲಯಾಳದಲ್ಲಿ ಅಣ್ಣ ಎಂದ ಹಾಗೆ. ಅವರ ಕಡೆಯವರಿಗೆಲ್ಲ ಅಷ್ಟೋ ಇಷ್ಟೋ ರಬ್ಬರ್ ಇತ್ತು, ಇವರಿಗೆ ಸ್ವಂತ ಜಾಗ ಇರಲಿಲ್ಲ. ಏರಿಯ ತುದಿಯಲ್ಲಿ ಕ್ಲಬ್ಬು ಕೊಟ್ಟ ಎರಡು ಕೋಣೆಯ ಮನೆಯಲ್ಲಿ ಹೆಂಡತಿಯೊಂದಿಗೆ ಇದ್ದರು. ಕೆಲಸ ಇದ್ದಷ್ಟು ದಿನ ಮನೆ.

ಕೆರೆಯ ಮೇಲೆ ತೇಲುವ ಒಂದು ಕಳೆ ಇತ್ತು. ಅಂಗೈಯಷ್ಟು ಜಾಗದಲ್ಲಿ ಕಂಡದ್ದು ತಿಂಗಳಲ್ಲಿ ಚಾಪೆ ಹಾಸಿದಂತೆ ಹಬ್ಬುತ್ತಿತ್ತು. ಚೇಟ್ಟ ಅದನ್ನು ಆಫ್ರಿಕನ್ ಪಾಯಲ್ ಎನ್ನುತ್ತಿದ್ದರು. ಅವರ ಊರಿನ ತೋಡು, ಕಾಲುವೆಗಳನ್ನೆಲ್ಲ ಮುಚ್ಚಿದ್ದು ಅದೇ ಅಂತೆ. ಅದನ್ನು ತೆಗೆಯಲು ಅವರದೊಂದು ಕ್ರಮ ಇತ್ತು. ಬೆಳಿಗ್ಗೆ ಮುಟ್ಟುತ್ತಿರಲಿಲ್ಲ. ಮಧ್ಯಾಹ್ನದ ಮೇಲೆ ಪಡುಗಾಳಿ ಎದ್ದು ಪಾಯಲನ್ನೆಲ್ಲ ಮೂಡುಬದಿಯ ಮೂಲೆಗೆ ನೂಕಿದಾಗ, ತೆಂಗಿನ ಮಡಲು ಕಟ್ಟಿದ ಉದ್ದದ ಹಗ್ಗವನ್ನು ಅದರ ಹಿಂದಿನಿಂದ ಎಳೆದು ತಂದು, ಬುಟ್ಟಿಯಲ್ಲಿ ಮೇಲೆತ್ತುತ್ತಿದ್ದರು. ಹಗ್ಗದ ಇನ್ನೊಂದು ತುದಿ ಹೆಂಡತಿಯ ಕೈಯಲ್ಲಿ. ತೆಗೆದದ್ದನ್ನು ದಡದಲ್ಲಿ ಬಿಡದೆ ದೂರದ ತೆಂಗಿನ ಬುಡಕ್ಕೆ ಹೊತ್ತು ಹಾಕುತ್ತಿದ್ದರು. ತೂಬಿನ ಹತ್ತಿರ ಒಂದಷ್ಟು ಜಾಗದ ಪಾಯಲನ್ನು ಮಾತ್ರ ಬಿದಿರು ಅಡ್ಡ ಕಟ್ಟಿ ಹಾಗೆಯೇ ಉಳಿಸಿದ್ದರು. ಯಾಕೆ ಎಂದು ಕೇಳಿದರೆ ಬಿಸಿಲಿಗೆ ಮೀನಿಗೂ ಒಂದು ಮಾಡು ಬೇಕಲ್ಲ ಎಂದಿದ್ದರು.

ಆ ವರ್ಷ ಅವರು ಪಾಯಲನ್ನು ಚೆನ್ನಾಗಿಯೇ ತೆಗೆದಿದ್ದರು. ಅದರಿಂದಲೇ ತೊಂದರೆ ಶುರುವಾಯಿತು. ಮೇಲಿನ ಹೊದಿಕೆ ಹೋದ ಮೇಲೆ ಬಿಸಿಲು ತಳಕ್ಕೆ ಇಳಿಯಿತು. ತಳದಿಂದ ಕೂದಲಿನಂತಹ ಪಾಚಿ ಎದ್ದಿತು. ಚೇಟ್ಟ ಅಡ್ಡಕಡ್ಡಿ ಕಟ್ಟಿದ ಬಿದಿರಿನ ಗಳುವನ್ನು ನೀರಿಗಿಳಿಸಿ, ಸೇಮಿಗೆ ಸುತ್ತಿದ ಹಾಗೆ ಸುತ್ತಿ ಸುತ್ತಿ ಅದನ್ನು ಎಳೆಯುತ್ತಿದ್ದರು. ದಿನಕ್ಕೆ ಒಂದು ಕೋಣೆಯಷ್ಟು ಜಾಗ ಸ್ವಚ್ಛವಾದರೆ ಹೆಚ್ಚು. ಮಳೆಗಾಲಕ್ಕೆ ಮೊದಲು ಕ್ಲಬ್ಬಿನಲ್ಲಿ ಗಾಳದ ಪಂದ್ಯ ಇಟ್ಟಿದ್ದರು, ಪುತ್ತೂರಿನಿಂದಲೂ ಮಂದಿ ಬರುವವರಿದ್ದರು. ಗಾಳ ಹಾಕಿದಲ್ಲೆಲ್ಲ ಪಾಚಿ ಬರುತ್ತಿತ್ತು. ರಬ್ಬರಿನವರೊಬ್ಬರು ಪ್ರತಿ ಭಾನುವಾರ ಮಾವನನ್ನು ಕೆಣಕುತ್ತಿದ್ದರು: “ಸೆಕ್ರೆಟ್ರಿಗಳೇ, ನಾವು ಮೀನು ಹಿಡಿಯುದಾ, ಸೊಪ್ಪು ಹಿಡಿಯುದಾ? ಮನೆಯಲ್ಲಿ ಹೆಂಡತಿ ಒಗ್ಗರಣೆ ಇಟ್ಟು ಕೂತಿರ್ತಾಳೆ, ನಾನು ಒಂದು ಕಟ್ಟು ಪಾಚಿ ತೆಕ್ಕೊಂಡು ಹೋಗ್ತೇನೆ.”

ಮಾವನಿಗೆ ಅದು ನಾಟಿರಬೇಕು. ಒಂದು ಸಂಜೆ ಅವರ ಜಗಲಿಯಲ್ಲಿ ನಾಲ್ಕೈದು ಮಂದಿ ಕೂತಿದ್ದಾಗ ನನ್ನನ್ನು ಕರೆದರು. “ನಮ್ಮಲ್ಲೇ ಎಂ.ಎಸ್ಸಿ. ಉಂಟಲ್ಲ ಮಾರಾಯ್ರೆ. ಇವಳು ಓದಿದ್ದೇ ಸೊಪ್ಪಿನ ವಿಷಯ.”

ಎಲ್ಲರೂ ನಕ್ಕರು. ನನಗೆ ಖುಷಿಯಾಯಿತು, ಅದನ್ನು ಡೈರಿಯಲ್ಲೂ ಬರೆದಿದ್ದೇನೆ. ಅಷ್ಟು ವರ್ಷ ಓದಿದ್ದು ಆ ಜಗಲಿಯಲ್ಲಿ ಮೊದಲ ಸಲ ಯಾರಿಗೋ ಬೇಕಾಗಿತ್ತು. ಮೈಲುತುತ್ತು, ಅಂದರೆ ಕಾಪರ್ ಸಲ್ಫೇಟ್, ಹಾಕಿದರೆ ಪಾಚಿ ಸಾಯುತ್ತದೆ ಎಂದು ಹೇಳಿದೆ. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಅವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಿರಲಿಲ್ಲ. ಕೊಳೆರೋಗಕ್ಕೆ ಮದ್ದು ಬಿಡಲು ಮೈಲುತುತ್ತು ಇಲ್ಲದ ಅಡಿಕೆಯವರ ಮನೆ ಇದೆಯೇ? ಮಾವನ ಉಗ್ರಾಣದಲ್ಲಿ ಆ ಮಳೆಗಾಲಕ್ಕೆಂದು ತಂದದ್ದು ಆಗಲೇ ಬಂದು ಕೂತಿತ್ತು.

ಮರುದಿನ ನಾನೂ ಚೇಟ್ಟನೂ ಕೆರೆ ಅಳೆದೆವು. ಗಂಟು ಹಾಕಿದ ಹಗ್ಗದಲ್ಲಿ ಉದ್ದಗಲ, ತೆಪ್ಪದಲ್ಲಿ ಹೋಗಿ ಹತ್ತು ಕಡೆ ಬಿದಿರು ಇಳಿಸಿ ಆಳ. ತೆಪ್ಪದಲ್ಲಿ ಹಿಂದೆ ಬರುವಾಗ ಅವರು ಕೇಳಿದರು.

“ಮೋಳೆ, ಮೀನಿಗೆ ಎಂತ ಆಗುದಿಲ್ವಾ?”

ಮೋಳೆ ಎಂದರೆ ಅವರ ಭಾಷೆಯಲ್ಲಿ ಮಗಳು. ಲೆಕ್ಕ ಮಾಡಿ ಹಾಕಿದರೆ ಏನೂ ಆಗುವುದಿಲ್ಲ ಎಂದೆ. ಈ ಮಾತನ್ನು ನಾನು ಹೇಳಿದ್ದು ಖಂಡಿತ. ಬೇರೆ ಯಾವುದನ್ನು ಮರೆತರೂ ಇದನ್ನು ಮರೆತಿಲ್ಲ.

ಆ ರಾತ್ರಿ ಡೈರಿಯಲ್ಲಿಯೇ ಲೆಕ್ಕ ಮಾಡಿ, ಅದೇ ಹಾಳೆಯ ಕೆಳಗಿನ ಅರ್ಧ ಹರಿದು ಚೀಟಿ ಬರೆದು ಮಾವನಿಗೆ ಕೊಟ್ಟೆ. ಉಳಿದ ಅರ್ಧ ಈಗಲೂ ಡೈರಿಯಲ್ಲಿದೆ. ಗುಣಿಸಿದ್ದು, ಕೂಡಿಸಿದ್ದು, ಒಟ್ಟು ತೂಕ ಎಲ್ಲ ಇದೆ. ಆ ತೂಕವನ್ನು ಒಮ್ಮೆಲೇ ಹಾಕಬಾರದು, ಮೂರು ಪಾಲು ಮಾಡಿ, ಪಾಲಿಗೆ ಕೆರೆಯ ಒಂದೊಂದು ಭಾಗದಂತೆ, ನಡುವೆ ಎರಡು ವಾರ ಬಿಟ್ಟು ಹಾಕಬೇಕು. ಪಾಚಿ ಎಲ್ಲ ಒಟ್ಟಿಗೆ ಸತ್ತು ಕೊಳೆತರೆ ನೀರಿನ ಆಮ್ಲಜನಕ ಮುಗಿದು ಮೀನು ಉಸಿರುಕಟ್ಟಿ ಸಾಯುತ್ತದೆ. ಇದು ನನಗೆ ಗೊತ್ತಿತ್ತು, ಡೈರಿಯಲ್ಲಿ ಉಳಿದ ಅರ್ಧದಲ್ಲಿ ಮಾತ್ರ ಇಲ್ಲ. ಗೊತ್ತಿದ್ದದ್ದನ್ನು ಬರೆದೆನೇ, ಅಥವಾ ಬರೆದೆ ಎಂದು ಆಮೇಲೆ ನಂಬಿಕೊಂಡೆನೇ? ಬರೆದಿದ್ದರೆ ಅದು ಹರಿದುಕೊಟ್ಟ ಅರ್ಧದಲ್ಲಿ ಇರಬೇಕು.

ಎರಡು ದಿನ ಬಿಟ್ಟು ಅತ್ತೆಯ ಜೊತೆ ಈಶ್ವರಮಂಗಲಕ್ಕೆ ಒಂದು ಮದುವೆಗೆ ಹೋದೆ. ನಾಲ್ಕು ದಿನ ಅಲ್ಲಿದ್ದೆವು. ಹೊರಡುವ ಹಿಂದಿನ ದಿನದ ಗಡಿಬಿಡಿಯಲ್ಲಿ, ಸಾಮಾನು ಕಟ್ಟುತ್ತಿದ್ದಾಗ, ಮೈಲುತುತ್ತನ್ನು ಗೋಣಿಚೀಲದಲ್ಲಿ ಕಟ್ಟಿ ತೆಪ್ಪದ ಹಿಂದೆ ಎಳೆಯಬೇಕು ಎಂದು ಮಾವನಿಗೆ ಬಾಯಲ್ಲಿ ಹೇಳಿದ ನೆನಪು. ಅವರು ಹೂಂ ಎಂದ ನೆನಪು.

ನಾವು ಇಲ್ಲದಾಗ ಮಾಡಿದ್ದು ಬೇರೆ. ತೋಟಕ್ಕೆ ಮದ್ದು ಬಿಡುವ ಕ್ರಮದಲ್ಲಿಯೇ ಕೆರೆಗೂ ಬಿಟ್ಟರು. ಪೀಪಾಯಿ ತಂದು, ಮೈಲುತುತ್ತನ್ನೆಲ್ಲ ನೀರಿನಲ್ಲಿ ಕರಗಿಸಿ, ಅಡಿಕೆಗೆ ಬಿಡುವ ಪಂಪಿನಿಂದ ಏರಿಯ ಮೇಲೆ ನಿಂತು ಕೆರೆಗೆ ಹೊಡೆದರು. ತೋಟದಲ್ಲಿ ಕಲಸಿದ ಮದ್ದನ್ನು ಯಾರೂ ಮರುದಿನಕ್ಕೆ ಇಡುವುದಿಲ್ಲ, ಇಟ್ಟರೆ ಅದು ಕೆಡುತ್ತದೆ. ಪೀಪಾಯಿ ಖಾಲಿಯಾಗುವ ತನಕ ಹೊಡೆಯುವುದು ನಮ್ಮವರ ಕೈಗೆ ಕೂತ ಅಭ್ಯಾಸ. ಪಂಪು ಒತ್ತಿದವರು ಮಾವನ ತೋಟದ ಕೆಲಸದವರು, ಪೈಪು ಹಿಡಿದದ್ದು ಚೇಟ್ಟ. ಒಂದೇ ಬೆಳಿಗ್ಗೆಯಲ್ಲಿ ಮುಗಿಯಿತಂತೆ.

ನಾವು ಬಂದಾಗ ವಾಸನೆ ರಸ್ತೆಗೇ ಹೊಡೆಯುತ್ತಿತ್ತು. ಪಾಚಿ ಸತ್ತಿತ್ತು, ನನ್ನ ಪುಸ್ತಕ ಹೇಳಿದ್ದು ಅಷ್ಟರ ಮಟ್ಟಿಗೆ ನಿಜ. ನೀರು ಕಪ್ಪಾಗಿತ್ತು. ಮೀನುಗಳು ಹೊಟ್ಟೆ ಮೇಲೆ ಮಾಡಿ ಮೂಡುಬದಿಯ ಮೂಲೆಗೆ ಬಂದು ನಿಂತಿದ್ದವು, ಪಾಯಲ್ ಬಂದು ನಿಲ್ಲುತ್ತಿದ್ದ ಜಾಗದಲ್ಲಿಯೇ. ಚೇಟ್ಟ ಸೊಂಟದವರೆಗಿನ ನೀರಿನಲ್ಲಿ ನಿಂತು ಬುಟ್ಟಿಯಲ್ಲಿ ಎತ್ತಿ ಕೊಡುತ್ತಿದ್ದರು. ಅವರ ಹೆಂಡತಿ ಹೊತ್ತು ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ನನ್ನನ್ನು ಕಂಡು ಚೇಟ್ಟ ತಲೆ ಅಲ್ಲಾಡಿಸಿದರು, ಅಷ್ಟೆ. ನಾನು ಏರಿಯ ಮೇಲಿಂದ ಕೆಳಗೆ ಇಳಿಯಲಿಲ್ಲ.

ಆ ಭಾನುವಾರ ಕ್ಲಬ್ಬಿನವರು ಸೇರಿದರು. ಪಂದ್ಯ ನಿಂತುಹೋಗಿತ್ತು, ಎಲ್ಲರಿಗೂ ಸಿಟ್ಟು ಬಂದಿತ್ತು. ಲೆಕ್ಕ ಮಾಡಿದವಳು ಎಂದು ನನ್ನನ್ನೂ ಕರೆದಿದ್ದರು, ಬೆಂಚಿನ ತುದಿಯಲ್ಲಿ ಕೂತಿದ್ದೆ. ಚೇಟ್ಟ ಕಂಬದ ಹತ್ತಿರ ನಿಂತಿದ್ದರು. ಒಮ್ಮೆಲೇ ಹಾಕಿದ್ದು ಯಾಕೆ ಎಂಬ ಮಾತು ಬಂತು. ಒಮ್ಮೆಲೇ ಹಾಕಬಾರದಿತ್ತು ಎಂದು ಹೇಳಿದ್ದು ನಾನೇ. ಆಗ ಮಾವ, ಹಾಕುವ ಕ್ರಮ ಎಲ್ಲ ಚೀಟಿಯಲ್ಲಿ ಬರೆದು ಚೇಟ್ಟನ ಕೈಯಲ್ಲಿ ಕೊಟ್ಟಿತ್ತು ಎಂದರು. ಮೆಲ್ಲಗೆ, ನೆಲ ನೋಡಿಕೊಂಡು ಹೇಳಿದರು. ನೆಲ ನೋಡಿದ್ದು ನಾನು ಆಮೇಲೆ ಸೇರಿಸಿಕೊಂಡದ್ದೂ ಇರಬಹುದು.

“ಚೀಟಿ ನೋಡಿದ್ರಾ, ಇಲ್ವಾ?” ಅದೇ ರಬ್ಬರಿನವರು ಚೇಟ್ಟನನ್ನು ಕೇಳಿದರು.

ಇಲ್ಲಿ ಒಂದು ವಿಷಯ ಹೇಳಬೇಕು. ಇದಕ್ಕೆ ಒಂದು ತಿಂಗಳು ಮೊದಲು ಚೇಟ್ಟ ರೇಷನ್ ಕಾರ್ಡಿನ ವಿಷಯದಲ್ಲಿ ಬಂದ ಒಂದು ಕಾಗದವನ್ನು ನನ್ನ ಹತ್ತಿರ ತಂದಿದ್ದರು. ಓದಿ ಹೇಳಿದೆ. “ಕನ್ನಡ ಮಾತಾಡ್ಲಿಕ್ಕೆ ಬರ್ತದೆ ಮೋಳೆ, ಅಕ್ಷರ ಮಾತ್ರ ಎಲ್ಲ ಒಂದೇ ಹಾಗೆ ಕಾಣ್ತದೆ” ಎಂದು ನಕ್ಕಿದ್ದರು. ಅವರಿಗೆ ಓದಲು ಬರುತ್ತಿದ್ದದ್ದು ಮಲಯಾಳ. ಅಂದರೆ ನಾನು ಆ ಚೀಟಿಯಲ್ಲಿ ಏನೇ ಬರೆದಿರಲಿ, ಯಾರಾದರೂ ಓದಿ ಹೇಳದೆ ಅದು ಅವರಿಗೆ ಗೊತ್ತಾಗುವಂತಿರಲಿಲ್ಲ. ಆ ಮಾಡಿನ ಕೆಳಗೆ ಇದು ಗೊತ್ತಿದ್ದವರು ಚೇಟ್ಟ ಮತ್ತು ನಾನು. ಮಾವನಿಗೆ ಗೊತ್ತಿತ್ತೇ ಎಂದು ನನಗೆ ಗೊತ್ತಿಲ್ಲ.

ಚೇಟ್ಟ ನನ್ನ ಕಡೆ ನೋಡಿದರು. ತುಂಬಾ ಹೊತ್ತು ನೋಡಿದರು ಎಂದು ನನ್ನ ನೆನಪು, ಬಹುಶಃ ಒಂದು ಕ್ಷಣ ಇದ್ದೀತು.

“ನೋಡಿದೆ ಸಾರ್” ಎಂದರು. “ಮೋಳೆ ಬರೆದದ್ದರಲ್ಲಿ ತಪ್ಪು ಇರ್ಲಿಕ್ಕಿಲ್ಲ. ನನ್ನ ಕೈಯಲ್ಲಿ ಆದದ್ದು.”

ಓದು ಬಾರದು ಎಂದು ಅಷ್ಟು ಜನರ ಎದುರು ಹೇಳಲು ನಾಚಿಕೆಯಾಯಿತೇ? ಮಾವನನ್ನು ಸುಳ್ಳುಗಾರ ಮಾಡಲು ಇಷ್ಟ ಇರಲಿಲ್ಲವೇ? ಅಥವಾ ನನ್ನನ್ನು ಉಳಿಸಿದರೇ? ಮೂರನೆಯದೇ ಎಂದು ಕೆಲವು ವರ್ಷ ನಂಬಿದ್ದೆ. ಈಗ ಅದರಲ್ಲಿಯೂ ನನ್ನನ್ನು ನಾನೇ ದೊಡ್ಡವಳು ಮಾಡಿಕೊಂಡಂತೆ ಕಾಣುತ್ತದೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ ಎಂಬ ಒಂದು ವಾಕ್ಯ ನಾನು ಹೇಳಬೇಕಿತ್ತು. ಹೇಳಿದರೆ ಮುಂದಿನ ಪ್ರಶ್ನೆ, ಹಾಗಾದರೆ ಓದಿ ಹೇಳಿದ್ದು ಯಾರು ಎಂಬುದು ಮಾವನ ಕಡೆ ತಿರುಗುತ್ತಿತ್ತು. ಓದಿದ್ದೇನೆ, ಅದರಲ್ಲಿ ಮೂರು ಪಾಲು ಎಂದು ಇರಲೇ ಇಲ್ಲ ಎಂದು ಮಾವ ಹೇಳಿದ್ದರೆ ನನ್ನ ಕಡೆ ತಿರುಗುತ್ತಿತ್ತು. ನಾನು ಆಗ ಇಷ್ಟೆಲ್ಲ ಯೋಚಿಸಿದೆನೇ? ಇಲ್ಲ. ಸುಮ್ಮನೆ ಕೂತೆ. ಡೈರಿಯಲ್ಲಿ ಆ ದಿನ ಬರೆದಿರುವುದು, “ಕ್ಲಬ್ಬಿಗೆ ಹೋಗಿದ್ದೆ. ಸೆಕೆ.”

ಕೆಲಸ ಹೋಗಿ, ಹದಿನೈದು ದಿನಗಳಲ್ಲಿ ಚೇಟ್ಟ ಮನೆ ಬಿಟ್ಟುಕೊಟ್ಟು ನೆಲ್ಯಾಡಿಯ ಕಡೆ ಸಂಬಂಧಿಕರಲ್ಲಿಗೆ ಹೋದರು. ಹೋಗುವ ದಿನ ಅವರ ಹೆಂಡತಿ ಅತ್ತೆಗೆ ಒಂದು ಹಲಸಿನ ಹಣ್ಣು ಕೊಟ್ಟು ಹೋದರಂತೆ. ನಾನು ಕಾಗದ ಬರೆಯುವ ನೆಪದಲ್ಲಿ ಒಳಗೆ ಇದ್ದೆ.

ಮಳೆ ಹಿಡಿದ ಮೇಲೆ ಕೆರೆಯ ನೀರು ತಿಳಿಯಾಯಿತು. ಗಳು ಹಿಡಿಯುವವರು, ಹಗ್ಗ ಎಳೆಯುವವರು ಯಾರೂ ಇರಲಿಲ್ಲ. ಮುಂದಿನ ಬೇಸಿಗೆಯ ಒಳಗೆ ತೂಬಿನ ಹತ್ತಿರದ ಪಾಯಲ್ ಬಿದಿರು ದಾಟಿ ಇಡೀ ಕೆರೆ ಮುಚ್ಚಿತು. ನನಗೆ ಅಷ್ಟರಲ್ಲಿ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತ್ತು. ಕಾಲೇಜಿನ ಲೈಬ್ರರಿಯಲ್ಲಿ ಒಂದು ಪುಸ್ತಕ ನೋಡುತ್ತಿದ್ದಾಗ, ನಮ್ಮ ಕಡೆಯಂತಹ, ಸುಣ್ಣದ ಅಂಶ ಕಡಿಮೆ ಇರುವ ಮೆದು ನೀರಿನಲ್ಲಿ ಮೈಲುತುತ್ತು ಮೀನಿಗೆ ಹೆಚ್ಚು ವಿಷ ಎಂದು ಓದಿದೆ. ಹಾಗಾದರೆ ಮೂರು ಪಾಲು ಮಾಡಿದ್ದರೂ ಮೀನು ಉಳಿಯುತ್ತಿದ್ದವು ಎಂದು ಹೇಳಲು ಆಗುವುದಿಲ್ಲ. ಓದಿ ಪುಸ್ತಕ ಮುಚ್ಚಿಟ್ಟೆ. ಯಾರಿಗೂ ಹೇಳಲಿಲ್ಲ.

ಚೇಟ್ಟನನ್ನು ಆಮೇಲೆ ಒಮ್ಮೆ ಕಂಡೆ. ಎಂಬತ್ತರ ನಂತರ ಇರಬೇಕು, ನೆಲ್ಯಾಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಯಾರದೋ ತೋಟದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದರು, ಅಂಗಿಯ ಮೇಲೆಲ್ಲ ಹಾಲಿನ ಕಲೆ. ಅವರೇ ಗುರುತು ಹಿಡಿದು ಬಂದರು. ನನ್ನ ಕೆಲಸ, ಅತ್ತೆಯ ಕಾಲುನೋವು ಎಲ್ಲ ವಿಚಾರಿಸಿದರು. ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಇನ್ನು ಬರುವುದಿಲ್ಲ ಎಂದು ನನಗೆ ಗೊತ್ತಾಗುತ್ತಿತ್ತು.

“ಕೆರೆಯಲ್ಲಿ ಪಾಯಲ್ ಪುನಃ ಬಂತಾ ಮೋಳೆ?” ಎಂದು ಕೇಳಿದರು.

“ಬಂತು.”

“ಅದು ಬರ್ತದೆ. ಗಾಳಿ ನೋಡಿ ತೆಗೀಬೇಕು” ಎಂದರು. ಬಸ್ಸು ಬಂತು.

ಆ ವರ್ಷವೇ ಇರಬೇಕು, ಅಥವಾ ಅದರ ಮರುವರ್ಷ, ಮಾವನ ಹತ್ತಿರ ಕೇಳಿಬಿಡುವುದೆಂದು ಹೋದೆ. ಅವರು ಪುತ್ತೂರಿನ ದರ್ಬೆಯಲ್ಲಿ ಮಗಳ ಮನೆಗೆ ಬಂದಿದ್ದರು. ಊಟ ಆಗಿ ಎದುರಿನ ಕೋಣೆಯಲ್ಲಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನು ಕೇಳಿದ ಮೇಲೆ ಆ ಎಲೆಯನ್ನು ಮಡಿಸದೆ ಹಾಗೆಯೇ ಹಿಡಿದುಕೊಂಡು ಕೂತರು. ಮಗಳು ಕಾಫಿ ತಂದಳು, ಮಾತು ಬೇರೆ ಕಡೆ ಹೋಯಿತು. ಆಮೇಲೆ ಎಷ್ಟೋ ಸಲ ಭೇಟಿಯಾಗಿದ್ದೇವೆ. ಅವರಾಗಿ ಆ ವಿಷಯ ಎತ್ತಲಿಲ್ಲ, ಎರಡನೆಯ ಸಲ ಕೇಳಲು ನನಗೂ ಧೈರ್ಯ ಬರಲಿಲ್ಲ. ಕೇಳಿದ ಮಾತು ಮಾತ್ರ ಆ ಹಳೆಯ ಡೈರಿಯ ಕೊನೆಯ ಹಾಳೆಯಲ್ಲಿ ಇದೆ, ತಾರೀಖು ಹಾಕಿಲ್ಲ, ಆದರೆ ಈ ಸಲ ಏನನ್ನೂ ಬಿಡದೆ ಬರೆದಿಟ್ಟಿದ್ದೇನೆ:

“ಮಾವ, ನಾನು ಕೊಟ್ಟ ಚೀಟಿಯಲ್ಲಿ ಮೂರು ಪಾಲು ಮಾಡಿ ಹಾಕಿ ಅಂತ ಇತ್ತಾ? ಇದ್ದಿದ್ರೆ, ನೀವು ಅದನ್ನು ಚೇಟ್ಟನಿಗೆ ಓದಿ ಹೇಳಿದ್ರಾ?”